ನಂದಿಯ ಗಾಳಿ, ನಂದಿಯ ನೀರು

ಭಾನುವಾರದ ಬೆಳಗಿನ ಜಾವ. ಬೆಂಗಳೂರು ಇನ್ನೂ ಮುಸುಕೆಳೆದು ಮಲಗಿರುವಾಗಲೇ ಬಳ್ಳಾರಿ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ವಾಹನಗಳ ಸಾಲು ಹರಿಯತೊಡಗುತ್ತದೆ. ತಾಯಿಯ ಮಡಿಲಲ್ಲಿ ತೂಕಡಿಸುವ ಮಗು, ಬುತ್ತಿಯ ಡಬ್ಬಿಯನ್ನು ಭದ್ರವಾಗಿ ಹಿಡಿದ ಅಜ್ಜಿ, ಕಿವಿಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡ ಅಜ್ಜ, ನಿದ್ದೆಗೆಟ್ಟರೂ ಉತ್ಸಾಹಗುಂದದ ತರುಣರು ಇವರೆಲ್ಲರ ಗುರಿಯೂ ಒಂದೇ: ಸೂರ್ಯೋದಯಕ್ಕೆ ಮೊದಲು ನಂದಿಬೆಟ್ಟದ ನೆತ್ತಿಯನ್ನು ಸೇರಬೇಕು. ಅರವತ್ತು ಕಿಲೋಮೀಟರುಗಳಷ್ಟೇ ದೂರದಲ್ಲಿ ಇಂತಹದೊಂದು ತಾಣವಿರುವುದು ಪಟ್ಟಣಿಗರ ಪುಣ್ಯವೆಂದೇ ಹೇಳಬೇಕು.

ಬೆಟ್ಟದ ಅಂಕುಡೊಂಕಿನ ರಸ್ತೆಯನ್ನು ಏರುತ್ತಿರುವಾಗ ಮೊದಲ ವಿಸ್ಮಯ ಎದುರಾಗುತ್ತದೆ. ಇದ್ದಕ್ಕಿದ್ದಂತೆ ಕಿವಿ ಮುಚ್ಚಿಕೊಂಡು, ಪಕ್ಕದವರ ಮಾತು ದೂರದಿಂದ ಬಂದಂತಾಗುತ್ತದೆ. ಮಕ್ಕಳು ಗಾಬರಿಯಾಗುತ್ತಾರೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ತಗ್ಗುತ್ತದೆ. ತಮಟೆಯ ಹಿಂಬದಿಯಲ್ಲಿರುವ ಗಾಳಿ ಮಾತ್ರ ಕೆಳಗಿನ ಒತ್ತಡದಲ್ಲೇ ಉಳಿದಿರುತ್ತದೆ. ಒಮ್ಮೆ ಎಂಜಲು ನುಂಗಿದರೆ, ಗಂಟಲಿಗೂ ಕಿವಿಗೂ ನಡುವಿನ ಸಣ್ಣ ನಾಳ ತೆರೆದುಕೊಂಡು ಎರಡೂ ಸಮವಾಗುತ್ತವೆ. ಅಜ್ಜಿ ಮಗುವಿನ ಬಾಯಿಗೊಂದು ಪೆಪ್ಪರಮೆಂಟು ಹಾಕುವುದು ಮುದ್ದಿಗಾಗಿಯೇ ಇರಬಹುದು; ಆದರೆ ಅದರಲ್ಲಿ ವೈದ್ಯವೂ ಅಡಗಿದೆ.

ಸಮುದ್ರಮಟ್ಟದಿಂದ ನಂದಿಯ ಎತ್ತರ 1478 ಮೀಟರು. ಬೆಂಗಳೂರೇ 900 ಮೀಟರಿಗಿಂತ ಮೇಲಿರುವುದರಿಂದ ಉಳಿದ ಏರಿಕೆ ಸುಮಾರು 550 ಮೀಟರು ಮಾತ್ರ. ಆದರೂ ಈ ಅಲ್ಪ ಏರಿಕೆಯೇ ಹವೆಯನ್ನು ಮೂರು ನಾಲ್ಕು ಡಿಗ್ರಿಗಳಷ್ಟು ತಂಪಾಗಿಸುತ್ತದೆ. ಅಡುಗೆಮನೆಯ ಲೆಕ್ಕವೂ ಇಲ್ಲಿ ಬದಲಾಗುತ್ತದೆ. ಸಮುದ್ರತೀರದಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಈ ನೆತ್ತಿಯ ಮೇಲೆ ಸುಮಾರು ತೊಂಬತ್ತೈದಕ್ಕೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಹೆಚ್ಚು ಹೊತ್ತು ಹಿಡಿದರೆ ಬೇಳೆಯನ್ನಾಗಲಿ ಅಂಗಡಿಯವನನ್ನಾಗಲಿ ದೂರಿ ಪ್ರಯೋಜನವಿಲ್ಲ.

ನೆತ್ತಿಯನ್ನು ಸೇರಿದವರ ಕಣ್ಣಿಗೆ, ಅದೃಷ್ಟವಿದ್ದ ದಿನ, ಮೋಡದ ಕಡಲು ಕಾಣುತ್ತದೆ. ರಾತ್ರಿಯೆಲ್ಲ ನೆಲ ತನ್ನ ಕಾವನ್ನು ಬಿಟ್ಟುಕೊಟ್ಟು ತಣ್ಣಗಾಗಿ, ಭಾರವಾದ ತಂಪುಗಾಳಿ ತಗ್ಗಿನಲ್ಲಿ ಮಡುಗಟ್ಟಿ ಮಂಜಾಗಿರುತ್ತದೆ. ಅದರ ಮೇಲೆ ಗುಡ್ಡಗಳ ತಲೆಗಳು ದ್ವೀಪಗಳಂತೆ ತೇಲುತ್ತವೆ. ಸೂರ್ಯ ಮೂಡಿ ಗಳಿಗೆ ಕಳೆಯುವುದರೊಳಗೆ ಕಡಲು ಕರಗಿ, ಹೊಲಗಳೂ ದ್ರಾಕ್ಷಿಯ ಚಪ್ಪರಗಳೂ ಹಳ್ಳಿಗಳೂ ಒಂದೊಂದಾಗಿ ಮೇಲೆದ್ದು ಬರುತ್ತವೆ.

ಇನ್ನು ಕೆಲವು ದಿನ ಮೋಡವೇ ಬೆಟ್ಟವನ್ನು ಹೊದ್ದುಕೊಳ್ಳುತ್ತದೆ. ಆಗಿನ ಸೋಜಿಗವೇ ಬೇರೆ. ಬಯಲಿನಲ್ಲಿ ನಿಂತವರಿಗೆ ಒಂದು ಹನಿಯೂ ಇಲ್ಲ. ಮರದ ಕೆಳಗೆ ಆಶ್ರಯ ಪಡೆಯಹೋದವರು ತೊಯ್ದು ತಪ್ಪಡಿಯಾಗುತ್ತಾರೆ! ತೇಲಿ ಬರುವ ಮಂಜಿನ ಕಣಗಳನ್ನು ಎಲೆಗಳೂ ಕಡ್ಡಿಗಳೂ ತಡೆದು ಕೂಡಿಸಿ ಹನಿಯಾಗಿಸಿ ಬೇರಿಗೆ ಸುರಿಯುತ್ತವೆ. ಮರವು ಮಳೆಯಿಲ್ಲದ ಹೊತ್ತಿನಲ್ಲಿಯೂ ನೀರು ಸಂಪಾದಿಸಬಲ್ಲದೆಂಬ ಪಾಠವನ್ನು ಶಾಲೆಯ ಪುಸ್ತಕಕ್ಕಿಂತ ಒದ್ದೆಯಾದ ಅಂಗಿಯೇ ಚೆನ್ನಾಗಿ ಕಲಿಸುತ್ತದೆ.

ಈ ತೇವದ ತೋಪುಗಳಲ್ಲಿ ಅಪರೂಪದ ಅತಿಥಿಗಳಿದ್ದಾರೆ. ಪಶ್ಚಿಮಘಟ್ಟದ ಕಾಡುಗಳಿಗೆ ಸೇರಿದ ನೀಲಗಿರಿ ಕಾಡುಪಾರಿವಾಳ, ತನ್ನ ಬಳಗದಿಂದ ಬಹುದೂರ ಬೇರ್ಪಟ್ಟು ಇಲ್ಲಿಯೂ ನೆಲೆಸಿದೆ. ಬಂಡೆ ಪೊದೆಗಳ ನಡುವೆ ಹಳದಿ ಕೊರಳಿನ ಪಿಕಳಾರವಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ. ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ಬರುವ ಹಕ್ಕಿಗಳೂ ಇಲ್ಲಿ ತಂಗುತ್ತವೆ. ಇವುಗಳನ್ನು ನೋಡಬೇಕಾದರೆ ಮೌನ ಬೇಕು. ಕೈಯ ತಿಂಡಿಯನ್ನು ಕಸಿಯುವ ಕೋತಿಗಳನ್ನು ನೋಡಲು ಮಾತ್ರ ಯಾವ ಸಾಧನೆಯೂ ಬೇಕಾಗಿಲ್ಲ.

ಆರೋಗ್ಯವನ್ನರಸಿ ನಂದಿಗೆ ಬಂದವರ ಪರಂಪರೆ ಹಳೆಯದು. ಹೈದರ್ ಮತ್ತು ಟಿಪ್ಪು ಬಲಪಡಿಸಿದ ಕೋಟೆ 1791ರ ಅಕ್ಟೋಬರ್ 19ರಂದು ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ತರುವಾಯ ತೋಪಿನ ಸದ್ದಡಗಿದ ಬೆಟ್ಟ, ಬಿಸಿಲಿಗೆ ಬಾಡಿದ ಆಂಗ್ಲ ಅಧಿಕಾರಿಗಳ ವಿಶ್ರಾಂತಿಧಾಮವಾಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಇಲ್ಲಿ ಬೇಸಿಗೆಯ ಮನೆಯನ್ನಿರಿಸಿಕೊಂಡಿದ್ದ. ಇವರೆಲ್ಲರಿಗಿಂತ ಮಿಗಿಲಾದ ಅತಿಥಿ ಬಂದದ್ದು 1927ರಲ್ಲಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ, ಎಡೆಬಿಡದ ಪ್ರವಾಸದಿಂದ ಬಳಲಿದ್ದ ಗಾಂಧೀಜಿಯವರ ಆರೋಗ್ಯ ಕುಸಿಯಿತು, ರಕ್ತದೊತ್ತಡವೇರಿತು, ವೈದ್ಯರು ಪೂರ್ಣ ವಿಶ್ರಾಂತಿಯನ್ನು ವಿಧಿಸಿದರು. ಏಪ್ರಿಲ್ ತಿಂಗಳಲ್ಲಿ ನಂದಿಗೆ ಬಂದ ಅವರು ಜೂನ್ ಮೊದಲ ವಾರದವರೆಗೆ, ಸುಮಾರು ಒಂದೂವರೆ ತಿಂಗಳು, ಇಲ್ಲಿ ಚೇತರಿಸಿಕೊಂಡು ಬೆಂಗಳೂರಿಗೆ ಇಳಿದರು. 1936ರಲ್ಲಿ ಮತ್ತೊಮ್ಮೆ ಬಂದರು.

ಅವರಿಗೆ ಇಲ್ಲಿ ಸಿಕ್ಕಿದ್ದು ಗಾಳಿಯೊಂದೇ ಅಲ್ಲ, ಬಿಡುವು. ಬೆಟ್ಟದ ಗಾಳಿಯಲ್ಲಿ ಸಂಜೀವಿನಿಯೇನೂ ಇಲ್ಲ. ಧೂಳಿಲ್ಲದಿರುವುದು, ತಂಪಿರುವುದು, ನಡೆಯಲು ಏರುತಗ್ಗಿನ ದಾರಿಯಿರುವುದು, ನಡೆದ ಮೇಲೆ ಹಸಿವಾಗುವುದು, ಉಂಡ ಮೇಲೆ ನಿದ್ದೆ ಬರುವುದು. ಇಷ್ಟೇ ಅದರ ಔಷಧಸಾರ. ಸುಲ್ತಾನಪೇಟೆಯ ಕಡೆಯಿಂದ ಸಾವಿರಕ್ಕೂ ಮಿಕ್ಕಿದ ಕಲ್ಲು ಮೆಟ್ಟಿಲುಗಳನ್ನು ಹತ್ತಿ ಬರುವವರು ಇದರ ಸಾಕ್ಷಿಗಳು. ಏರುವಾಗ ಪರೀಕ್ಷೆಯಾಗುವುದು ಉಸಿರಿಗೆ, ಇಳಿಯುವಾಗ ಮೊಣಕಾಲಿಗೆ. ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕಾದುದರಿಂದ ಮರುದಿನದ ನೋವು ಇಳಿದವರಿಗೇ ಹೆಚ್ಚು. ಇಳಿಯುವುದು ಸುಲಭವೆಂದು ನಂಬಿ ಓಡಿದ ಹುಡುಗರು ಸೋಮವಾರ ಶಾಲೆಯ ಮೆಟ್ಟಿಲಿನಲ್ಲಿ ಈ ಸತ್ಯವನ್ನು ಕಂಡುಕೊಳ್ಳುತ್ತಾರೆ.

ಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯನ್ನೂ ಇಲ್ಲಿ ನೆನೆಯಬೇಕು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರದು. ನೂರು ವರ್ಷ ದಾಟಿ ಬಾಳಿದ ಅವರು 1962ರಲ್ಲಿ ತೀರಿಕೊಂಡ ಮೇಲೆ ಅವರ ಸಮಾಧಿಯೂ ಅಲ್ಲಿಯೇ ಆಯಿತು. ನೀರಿಗೆ ಕಟ್ಟೆ ಕಟ್ಟುವುದನ್ನು ನಾಡಿಗೆ ಕಲಿಸಿದ ಮಹನೀಯರು ನದಿಗಳ ತವರಾದ ಬೆಟ್ಟದ ನೆರಳಿನಲ್ಲಿ ಹುಟ್ಟಿದ್ದು ಸೊಗಸಾದ ಯೋಗಾಯೋಗ.

ನದಿಗಳ ತವರು ಎಂಬುದು ಅಲಂಕಾರದ ಮಾತಲ್ಲ. ನಂದಿಯ ಗಿರಿಸಾಲಿನಲ್ಲಿಯೇ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್ ಮತ್ತು ಅರ್ಕಾವತಿಗಳ ಮೂಲವಿದೆ. ಉತ್ತರ ಪಿನಾಕಿನಿ ಆಂಧ್ರವನ್ನು ಹಾದು ನೆಲ್ಲೂರಿನ ಬಳಿ ಕಡಲನ್ನು ಸೇರಿದರೆ, ದಕ್ಷಿಣ ಪಿನಾಕಿನಿ ತಮಿಳುನಾಡಿನ ಕಡಲೂರಿನ ಕಡೆಗೆ ಹೋಗುತ್ತದೆ. ಅಕ್ಕಪಕ್ಕದಲ್ಲಿ ಬಿದ್ದ ಎರಡು ಮಳೆಹನಿಗಳು ನೂರಾರು ಮೈಲಿ ಅಂತರದಲ್ಲಿ ಸಮುದ್ರವನ್ನು ಕಾಣುತ್ತವೆ, ಒಂದೇ ಮನೆಯ ಹೆಣ್ಣುಮಕ್ಕಳು ಬೇರೆ ಬೇರೆ ಸೀಮೆಯನ್ನು ಸೇರಿದಂತೆ.

ಇವರಲ್ಲಿ ಅರ್ಕಾವತಿ ಬೆಂಗಳೂರಿಗೆ ಹತ್ತಿರದ ಸಂಬಂಧಿ. ಅವಳ ನೀರಿಗೆ 1894ರಲ್ಲಿ ಹೆಸರಘಟ್ಟದಲ್ಲಿ ಕಟ್ಟೆಯಾಯಿತು. ನಲ್ಲಿಯ ನೀರೆಂಬುದನ್ನು ಬೆಂಗಳೂರಿನವರು ಕಂಡದ್ದು ಅವಳ ಕೃಪೆಯಿಂದ. ಅದು ಸಾಲದೆ ಹೋದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಎರಡು ಮೂರು ತಲೆಮಾರುಗಳ ಬಾಯಾರಿಕೆಯನ್ನು ತಣಿಸಿದ ಆ ನದಿ ಇಂದು ತನ್ನ ಮೇಲ್ಭಾಗದಲ್ಲಿ ವರ್ಷದ ಬಹುಕಾಲ ಮರಳು ಮುಳ್ಳುಗಳ ದಾರಿಯಷ್ಟೇ. ಆಳಕ್ಕಿಳಿದ ಕೊಳವೆ ಬಾವಿಗಳು ನೆಲದಡಿಯ ಒರತೆಯನ್ನು ಬತ್ತಿಸಿದವು. ಜಲಾನಯನದಲ್ಲಿ ಹಬ್ಬಿದ ನೀಲಗಿರಿ ತೋಪುಗಳು ನೀರನ್ನು ಹೀರಿದವು. ಕೆರೆಯಿಂದ ಕೆರೆಗೆ ಹರಿಯುವ ಕಾಲುವೆಗಳು ಮುಚ್ಚಿಹೋದವು. 1974ರಿಂದ ನಗರ ಕಾವೇರಿಯತ್ತ ಕೈಚಾಚಿದೆ. ಸುಮಾರು ನೂರು ಕಿಲೋಮೀಟರು ದೂರದಿಂದ, ಐನೂರು ಮೀಟರಿನಷ್ಟು ಮೇಲೆತ್ತಿ, ಆ ನೀರನ್ನು ತರಬೇಕಾಗಿದೆ. ಬೆಂಗಳೂರಿನಿಂದ ನಂದಿಯ ನೆತ್ತಿಗೆ ಇರುವ ಏರಿಕೆಯೂ ಹೆಚ್ಚುಕಡಿಮೆ ಅಷ್ಟೇ! ತಾನಾಗಿ ಇಳಿದು ಬರುತ್ತಿದ್ದ ನೀರನ್ನು ಕಳೆದುಕೊಂಡ ಊರು, ಪ್ರತಿದಿನವೂ ಒಂದು ನಂದಿಬೆಟ್ಟದಷ್ಟು ಎತ್ತರಕ್ಕೆ ನೀರನ್ನು ಹೊತ್ತು ತರುತ್ತಿದೆ.

ರೋಗಿಗಳಿಗೆ ಆರೋಗ್ಯ ಕೊಟ್ಟ ಬೆಟ್ಟಕ್ಕೂ ಆಯಾಸವುಂಟು. 2021ರ ಆಗಸ್ಟ್ ಕೊನೆಯಲ್ಲಿ ಭಾರಿ ಮಳೆಗೆ ಮಣ್ಣು ಬಂಡೆಗಳು ಜಾರಿ, ರಸ್ತೆ ಮುಚ್ಚಿಹೋಯಿತು. ಪ್ರವಾಸಿಗಳಿಗೆ ಕೆಲಕಾಲ ಬೆಟ್ಟದ ಬಾಗಿಲೇ ಇಲ್ಲವಾಯಿತು. ಒಂದರ್ಥದಲ್ಲಿ ಅದು ಬೆಟ್ಟಕ್ಕೆ ದೊರೆತ ವಿಶ್ರಾಂತಿ. 1927ರ ಅತಿಥಿಗೆ ವೈದ್ಯರು ವಿಧಿಸಿದಂತಹದೇ. ಬಾಗಿಲು ತೆರೆದ ಮೇಲೆ ವಾಹನಗಳ ಸಾಲು ಮರಳಿತು; ಪೊದೆಗಳಿಗೆ ಸಿಕ್ಕಿ ಹಾರಾಡುವ ಪ್ಲಾಸ್ಟಿಕ್ ಚೀಲಗಳೂ ಮರಳಿದವು.

ಬಿಸಿಲೇರಿದಂತೆ ಜನ ಇಳಿಯತೊಡಗುತ್ತಾರೆ. ಕೆಳಗೆ ನಂದಿಗ್ರಾಮದಲ್ಲಿ ಭೋಗನಂದೀಶ್ವರನ ಪುರಾತನ ದೇಗುಲವಿದೆ. ನೆತ್ತಿಯ ಮೇಲಿರುವವನು ಯೋಗನಂದೀಶ್ವರ. ಭೋಗಕ್ಕೆ ತಪ್ಪಲು, ಯೋಗಕ್ಕೆ ಶಿಖರ ಎಂದು ಹಿರಿಯರು ಮಾಡಿದ ಏರ್ಪಾಡು ಅರ್ಥವತ್ತಾದುದು. ಮೇಲೆ ಅಮೃತಸರೋವರದ ಮೆಟ್ಟಿಲುಗಳ ನಡುವೆ ಒರತೆಯ ನೀರು ನಿಶ್ಚಲವಾಗಿ ನಿಂತಿರುತ್ತದೆ. ಬುತ್ತಿಯ ಡಬ್ಬಿ ಬರಿದಾಗಿದೆ. ಅಜ್ಜಿ ಮೊಮ್ಮಗನಿಂದ ಸುತ್ತಲಿನ ಕಾಗದ, ಬಾಟಲಿಗಳನ್ನು ಆರಿಸಿ ಅದರೊಳಗೆ ತುಂಬಿಸುತ್ತಾಳೆ. ತಲೆಯ ಮೇಲಿನ ಮರದಿಂದ, ಮಳೆಯಿಲ್ಲದ ಆಕಾಶದ ಕೆಳಗೆ, ಬೆಳಗಿನ ಮಂಜಿನ ಕಡೆಯ ಹನಿಯೊಂದು ನೆಲಕ್ಕೆ ಬೀಳುತ್ತದೆ. ಅರ್ಕಾವತಿಗೆ ಸಲ್ಲಬೇಕಾದ ಹನಿಯೋ, ಪಿನಾಕಿನಿಗೋ, ನೆಲವೇ ಬಲ್ಲದು.