ವಿದುರನ ಕ್ಷೇತ್ರದಲ್ಲಿ ಹಾಲಿನ ಲೆಕ್ಕ

ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋಗುವ ದಾರಿಯಲ್ಲಿ, ಉತ್ತರ ಪಿನಾಕಿನಿಯ ದಡದ ಮೇಲೆ, ಆಂಧ್ರದ ಗಡಿಗೆ ಆತುಕೊಂಡಂತೆ ಇರುವ ಪುಟ್ಟ ಕ್ಷೇತ್ರ ವಿದುರಾಶ್ವತ್ಥ. ಮಹಾಭಾರತದ ವಿದುರನು ತನ್ನ ಕೈಯಾರೆ ನೆಟ್ಟನೆಂದು ನಂಬಲಾದ ಅಶ್ವತ್ಥವೃಕ್ಷದಿಂದಲೇ ಊರಿಗೆ ಈ ಹೆಸರು ಬಂದಿದೆ. ಆ ಹಿರಿಯ ಮರ 2001ರಲ್ಲಿ ಉರುಳಿಬಿದ್ದಿತು. ಮರ ಹೋದರೂ ಭಕ್ತರ ಬರವು ನಿಂತಿಲ್ಲ. ದೇವಾಲಯದ ಆವರಣದಲ್ಲಿ ಹರಕೆ ಹೊತ್ತವರು ತಲೆತಲಾಂತರದಿಂದ ಪ್ರತಿಷ್ಠೆ ಮಾಡಿಸುತ್ತ ಬಂದ ನಾಗರಕಲ್ಲುಗಳು ಸಾವಿರಗಟ್ಟಲೆ ನಿಂತಿವೆ. ಅರಿಶಿನ ಕುಂಕುಮದಿಂದ ಬಣ್ಣಗಟ್ಟಿದ ಆ ಕಲ್ಲಿನ ಸಾಲುಗಳ ನಡುವೆ ನಡೆಯುವುದೇ ಒಂದು ವಿಶೇಷ ಅನುಭವ.

ಇದೇ ಆವರಣಕ್ಕೆ ಸೇರಿದಂತೆ ಇನ್ನೊಂದು ಕ್ಷೇತ್ರವಿದೆ, ಅದು ವೀರಸೌಧ. 1938ರ ಏಪ್ರಿಲ್ 25ರಂದು ರಾಷ್ಟ್ರಧ್ವಜ ಹಾರಿಸುವ ಹಕ್ಕಿಗಾಗಿ ಇಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮಡಿದವರು ಮೂವತ್ತೆರಡು ಮಂದಿ ಎಂಬುದು ಜನರ ಎಣಿಕೆ; ಅಂದಿನ ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಎಂದು ಪ್ರಸಿದ್ಧವಾದ ಈ ಘಟನೆಯ ವಿವರಗಳನ್ನು ನಮ್ಮ ಓದುಗರು ಬಲ್ಲರು. ಅಂದು ಗುಂಡಿಗೆ ಎದೆಯೊಡ್ಡಿದವರು ಹೆಚ್ಚಾಗಿ ಸುತ್ತಲ ಹಳ್ಳಿಗಳ ಒಕ್ಕಲು ಮಕ್ಕಳು ಎಂಬುದನ್ನು ಮಾತ್ರ ಇಲ್ಲಿ ನೆನೆದು ಮುಂದೆ ಸಾಗುತ್ತೇವೆ. ಏಕೆಂದರೆ ನಾವು ಹೋದದ್ದು ದರ್ಶನಕ್ಕಾಗಿಯಾದರೂ, ಬರೆಯಹೊರಟದ್ದು ಆ ಒಕ್ಕಲು ಮಕ್ಕಳ ಮೊಮ್ಮಕ್ಕಳು ಇಂದು ಕರೆಯುತ್ತಿರುವ ಹಾಲಿನ ವಿಷಯವನ್ನು.

ನಾಗರಕಲ್ಲುಗಳ ಮುಂದೆ ನಿಂತಾಗ ಶರಣಧರ್ಮದ ಮನೆಯವರಿಗೆ ಬಸವಣ್ಣನವರ ಒಂದು ವಚನ ನೆನಪಾಗದೆ ಇರದು. ಕಲ್ಲಿನ ನಾಗರಕ್ಕೆ ಹಾಲೆರೆಯುವ ಜನ ಹಸಿದು ಬಂದ ಜಂಗಮವನ್ನು ಹೇಗೆ ಕಾಣುತ್ತಾರೆಂದು ಕೇಳುವ ಆ ವಚನ ನಮ್ಮ ಮಕ್ಕಳಿಗೂ ಬಾಯಿಪಾಠ. ಅನ್ಯರ ನಂಬಿಕೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ವಿದುರನ ಹೆಸರಿನ ಊರಿನಲ್ಲಿ ಇನ್ನೊಂದು ಹಾಲಿನ ಕಥೆಯೂ ಇದೆಯಷ್ಟೆ. ದುರ್ಯೋಧನನ ಅರಮನೆಯ ಔತಣವನ್ನು ಬಿಟ್ಟು ಬಂದ ಶ್ರೀಕೃಷ್ಣನಿಗೆ ಬಡ ವಿದುರನು ಕೊಟ್ಟದ್ದು ಒಂದು ಕುಡಿತೆ ಹಾಲು. ಅದೇ ಬೀದಿಯಲ್ಲೆಲ್ಲ ಹೊನಲಾಗಿ ಹರಿಯಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಂದು ಈ ಸೀಮೆಯಲ್ಲಿ ಹಾಲಿನ ಹೊನಲೇನೋ ಹರಿಯುತ್ತಿದೆ. ಕುಡಿತೆ ಕುಡಿತೆಯಾಗಿ ಅದನ್ನು ಸುರಿದವರ ಮನೆಯ ಸ್ಥಿತಿ ಏನು ಎಂಬುದೇ ನಮ್ಮ ಮನಸ್ಸನ್ನು ಹಿಡಿದ ಪ್ರಶ್ನೆ.

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೇರಿದ ಈ ಭಾಗ 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ಅನಂತರ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಜಿಲ್ಲೆ ಬೇರೆಯಾದರೂ ಬಯಲುಸೀಮೆಯ ಹಣೆಬರಹ ಒಂದೇ. ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿಯ ಕಡೆಯ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿ ವರ್ಷದ ಬಹುಕಾಲ ಮರಳಿನ ದಾರಿಯಾಗಿಯೇ ಇರುತ್ತದೆ. ಕೊಳವೆಬಾವಿಗಳು ಸಾವಿರ ಅಡಿಗಿಂತಲೂ ಆಳಕ್ಕೆ ಇಳಿದಿವೆ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಇಲ್ಲಿಯ ಹಾಲು ರಾಜಧಾನಿಗೆ, ರಾಜಧಾನಿಯ ಬಳಸಿದ ನೀರು ಇಲ್ಲಿಗೆ! ವಿನಿಮಯ ಸಮನಾಗಿದೆಯೇ ಎಂದು ಓದುಗರೇ ತೂಗಿ ನೋಡಬೇಕು.

ನೀರಿಲ್ಲದ ನೆಲದಲ್ಲಿ ರೈತ ನೆಚ್ಚಿದ್ದು ರೇಷ್ಮೆಯನ್ನು ಮತ್ತು ಹಸುವನ್ನು. ರೇಷ್ಮೆಯ ಬೆಲೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಒಂದು ದಿನ ಆಕಾಶಕ್ಕೂ ಇನ್ನೊಂದು ದಿನ ಪಾತಾಳಕ್ಕೂ ಹೋಗುವುದು ಹೊಸತಲ್ಲ. ಚಿಂತಾಮಣಿಯ ಟೊಮೆಟೊ ಬೆಳೆಗಾರನ ಪಾಡೂ ಹಾಗೆಯೇ. ಈ ಏರಿಳಿತದ ನಡುವೆ ದಿನದ ಉಪ್ಪು ಮೆಣಸಿಗೆ, ಮಕ್ಕಳ ಶಾಲೆಯ ಶುಲ್ಕಕ್ಕೆ, ಹಬ್ಬದ ಬಟ್ಟೆಗೆ ಆಧಾರವಾದದ್ದು ಹಾಲಿನ ಬಟವಾಡೆ. ಹುಳು ತಿಂದುಳಿದ ಹಿಪ್ಪುನೇರಳೆ ಕಡ್ಡಿ ಸೊಪ್ಪು ಹಸುವಿನ ಮುಂದೆ ಬೀಳುತ್ತದೆ. ಹಸುವಿನ ಗೊಬ್ಬರ ಹಿಪ್ಪುನೇರಳೆಯ ಬುಡಕ್ಕೆ ಹೋಗುತ್ತದೆ. ಒಂದನ್ನೊಂದು ಹಿಡಿದು ನಿಂತ ಬದುಕು ಇದು.

ಈ ಬದುಕಿಗೆ ನೆಲೆ ಕೊಟ್ಟ ಹಿರಿಯರನ್ನು ಸ್ಮರಿಸಬೇಕು. ಗುಜರಾತಿನ ಆನಂದದಲ್ಲಿ 1946ರಲ್ಲಿ ರೈತರೇ ಒಡೆಯರಾದ ಹಾಲಿನ ಸಂಘ ಹುಟ್ಟಿತು. ನಮ್ಮ ನಾಡಿನಲ್ಲಿ ಕ್ಷೀರೋದ್ಯಮದ ಪಿತಾಮಹರೆಂದು ಕರೆಯಲ್ಪಡುವ ಎಂ.ವಿ. ಕೃಷ್ಣಪ್ಪನವರು ಕೋಲಾರದ ಸೀಮೆಯವರೇ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು; 1984ರಲ್ಲಿ ಅದರ ಜಾಗದಲ್ಲಿ ಕರ್ನಾಟಕ ಹಾಲು ಮಹಾಮಂಡಳ ಬಂದಿತು. ಕೋಲಾರ ಹಾಲು ಒಕ್ಕೂಟ 1987ರದು. ಮುಂದೆ ಚಿಕ್ಕಬಳ್ಳಾಪುರಕ್ಕೆ ಪ್ರತ್ಯೇಕ ಒಕ್ಕೂಟ ಬೇಕೆಂಬ ವಿಷಯ ಆದೇಶ, ರದ್ದತಿ ಎಂದು ವರ್ಷಗಟ್ಟಲೆ ಎಳೆದಾಡಿತು. ಅದು ರಾಜಕೀಯದವರ ಲೆಕ್ಕ, ನಮಗೆ ಬೇಡ.

ಸಂಜೆ ಐದರ ಹೊತ್ತಿಗೆ ಸಮೀಪದ ಒಂದು ಹಳ್ಳಿಯ ಡೇರಿಯ ಮುಂದೆ ನಿಂತೆವು. ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘಕ್ಕೆ ‘ಡೇರಿ’ ಎಂದೇ ಹೆಸರು. ಸ್ಟೀಲಿನ ಕ್ಯಾನು ಹಿಡಿದ ಹೆಂಗಸರು, ಸೈಕಲ್ಲಿಗೆ ಕ್ಯಾನು ತೂಗಿಸಿದ ಹುಡುಗರು, ಮೋಟಾರು ಬೈಕಿನ ಯುವಕರು ಸಾಲಾಗಿ ಬಂದು ನಿಂತರು. ಹಾಲು ತೂಗುತ್ತದೆ, ಯಂತ್ರ ಜಿಡ್ಡು ಎಷ್ಟು, ಜಿಡ್ಡೇತರ ಘನಾಂಶ ಎಷ್ಟು ಎಂದು ಕ್ಷಣಮಾತ್ರದಲ್ಲಿ ಹೇಳುತ್ತದೆ, ಚೀಟಿ ಕೈಗೆ ಬರುತ್ತದೆ. ‘ಡಿಗ್ರಿ ಬರಲಿಲ್ಲ’ ಎಂದರೆ ಬೆಲೆ ಇಳಿಯಿತೆಂದೇ ಅರ್ಥ. ಮೇವಿನಲ್ಲಿ ಸತ್ವ ಕಡಿಮೆಯಾದರೂ, ಬಿಸಿಲು ಹೆಚ್ಚಾದರೂ, ಹಸುವಿಗೆ ಒಂದು ದಿನ ಮೈ ಸರಿಯಿಲ್ಲದಿದ್ದರೂ ಆ ಅಂಕಿ ಕೆಳಗಿಳಿಯುತ್ತದೆ. ಹಾಲಿಗೆ ನೀರು ಬೆರೆಸುವವನಿಗೂ ಬರಗಾಲದಲ್ಲಿ ಒಣಹುಲ್ಲು ಹಾಕುವವನಿಗೂ ಯಂತ್ರ ಒಂದೇ ಶಿಕ್ಷೆ ಕೊಡುತ್ತದೆಯೆಂಬುದು ನಮಗೆ ಹೊಸದಾಗಿ ತಿಳಿದ ಸಂಗತಿ.

ಅಲ್ಲಿ ನಿಂತಿದ್ದ ಹಿರಿಯ ತಾಯಿಯೊಬ್ಬರನ್ನು, “ಏನಮ್ಮಾ, ಹಾಲಿನ ಬೆಲೆ ಹೇಗಿದೆ?” ಎಂದು ಮಾತನಾಡಿಸಿದೆವು.

“ಏನ್ ಹೇಳಾದು ಸ್ವಾಮಿ. ರಾಗಿಯಾದ್ರೆ ಮೂಟೆ ಕಟ್ಟಿ ಮೂಲೇಗಿಡಬೋದು. ಹಾಲ್ನ ಎಲ್ಲಿಕ್ಕಾದು? ರೇಟು ಇಳೀತು ಅಂತ ಹಸಾ ಮೇವು ಬಿಡ್ತದಾ?” ಎಂದರು. ಸ್ವಲ್ಪ ತಡೆದು, “ಇಳಿಸಾಕೆ ಒಂದು ಚೀಟಿ ಅಂಟಿಸ್ತಾರೆ, ಆಯ್ತು. ಏರಿಸಾಕೆ ಮಾತ್ರ ಎಷ್ಟೋ ಮೀಟಿಂಗು” ಎಂದು ನಕ್ಕರು.

ಆ ನಗೆಯೊಳಗಿನ ಲೆಕ್ಕವನ್ನು ಬಿಡಿಸಿ ನೋಡೋಣ. ಮುಂಗಾರು ಬಿದ್ದು ಹಸಿರು ಮೇವು ಬಂದ ಮೇಲೆ ಹಾಲು ಹೆಚ್ಚುತ್ತದೆ. ಪಟ್ಟಣದವರು ಕುಡಿಯುವುದು ಹೆಚ್ಚುವುದಿಲ್ಲ. ಮಿಕ್ಕ ಹಾಲನ್ನು ಬೆಣ್ಣೆ ಮತ್ತು ಪುಡಿ ಮಾಡಬೇಕು. ಪುಡಿಯ ಬೆಲೆ ಬಿದ್ದಾಗ ಒಕ್ಕೂಟಕ್ಕೆ ನಷ್ಟ. ಆಗ ರೈತನಿಗೆ ಕೊಡುವ ದರದಲ್ಲಿ ಲೀಟರಿಗೆ ಒಂದೋ ಎರಡೋ ರೂಪಾಯಿ ಕಡಿತವಾಗುತ್ತದೆ. ದಿನಕ್ಕೆ ಹತ್ತು ಲೀಟರು ಕೊಡುವ ಎರಡು ಸೀಮೆ ಹಸುಗಳಿರುವ ಮನೆಗೆ ಎರಡು ರೂಪಾಯಿ ಎಂದರೆ ದಿನಕ್ಕೆ 40, ತಿಂಗಳಿಗೆ 1,200 ರೂಪಾಯಿ ಹೋಯಿತು. ಹಿಂಡಿ ಬೂಸಾದ ಖರ್ಚು ಒಂದು ಕಾಸೂ ಇಳಿಯುವುದಿಲ್ಲವಾದ್ದರಿಂದ, ಆ 1,200 ಪೂರ್ತಿ ಉಳಿತಾಯದ ಪಾಲಿನಿಂದಲೇ ಹೋಗುತ್ತದೆ. ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಗೌರಿಬಿದನೂರಿನ ಹೊಲಗಳಲ್ಲಿ ಮುಸುಕಿನ ಜೋಳ ಹುಲುಸಾಗಿ ಬೆಳೆಯುತ್ತದೆ. ಕೊಯ್ಲಿನಲ್ಲಿ ಸಿಕ್ಕ ಬೆಲೆಗೆ ಮಾರಿದ ಆ ಜೋಳವೇ ಪಶು ಆಹಾರದ ಮೂಟೆಯಾಗಿ ದುಬಾರಿ ಬೆಲೆಗೆ ಅದೇ ಮನೆಯ ಕೊಟ್ಟಿಗೆಗೆ ಮರಳುತ್ತದೆ. ಈಗಂತೂ ಎಥೆನಾಲ್ ಕಾರ್ಖಾನೆಗಳೂ ಜೋಳಕ್ಕೆ ಕೈಚಾಚಿವೆ.

ಪುಡಿಯ ಬೆಲೆ ಬೀಳುವ ಕಾರಣ ಈ ಊರಿನಲ್ಲಿಲ್ಲ, ಈ ದೇಶದಲ್ಲಿಯೂ ಇಲ್ಲದಿರಬಹುದು. 2014ರಲ್ಲಿ ರಷ್ಯಾ ದೇಶವು ಯೂರೋಪಿನ ಹಾಲಿನ ಪದಾರ್ಥಗಳನ್ನು ತಡೆಯಿತು. 2015ರಲ್ಲಿ ಯೂರೋಪ್ ಒಕ್ಕೂಟವು ಹಾಲಿನ ಉತ್ಪಾದನೆಯ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು. ಜಗತ್ತಿನಲ್ಲಿ ಪುಡಿ ರಾಶಿಬಿದ್ದು ಬೆಲೆ ಕುಸಿಯಿತು. ನಮ್ಮ ಪುಡಿಗೆ ಹೊರದೇಶದ ಗಿರಾಕಿ ತಪ್ಪಿದರು. 2019ರ ನವೆಂಬರಿನಲ್ಲಿ ಭಾರತವು ಹದಿನಾರು ದೇಶಗಳ ವ್ಯಾಪಾರ ಒಪ್ಪಂದದಿಂದ ಹೊರಗುಳಿಯಿತು. ನ್ಯೂಜಿಲೆಂಡಿನ ಅಗ್ಗದ ಹಾಲಿನ ಪುಡಿ ನುಗ್ಗೀತೆಂಬ ಹೈನುಗಾರರ ಭಯವೂ ಅದಕ್ಕೊಂದು ಕಾರಣವಾಗಿತ್ತು. ನಾಲ್ಕು ಲೀಟರು ಹಾಲು ಹಿಡಿದು ಬಂದ ಆ ತಾಯಿಗೆ ಈ ದೇಶಗಳ ಹೆಸರು ಬೇಕಿಲ್ಲ. ಆದರೆ ಆ ಚೀಟಿಯ ಅಂಕಿಯಲ್ಲಿ ಅವೆಲ್ಲವೂ ಅಡಗಿವೆ.

ಸರ್ಕಾರ ಕೈಕಟ್ಟಿ ಕುಳಿತಿಲ್ಲವೆನ್ನುವುದು ನ್ಯಾಯ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದ ಪ್ರೋತ್ಸಾಹಧನ 2013ರಲ್ಲಿ 4, 2016ರಲ್ಲಿ 5 ರೂಪಾಯಿ ಆಯಿತು. ಅದು ಕೈಸೇರುವುದು ತಿಂಗಳುಗಟ್ಟಲೆ ತಡವಾದದ್ದೂ ಉಂಟು. 2013ರ ಆಗಸ್ಟಿನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಮಿಕ್ಕ ಹಾಲಿನ ಪುಡಿ ಶಾಲಾ ಮಕ್ಕಳ ಲೋಟಕ್ಕೆ ಸೇರಿತು. ಮಿಕ್ಕದ್ದನ್ನು ಹಸಿದವರ ಬಾಯಿಗೆ ಮುಟ್ಟಿಸಿದ ಈ ಕಾರ್ಯ ನಮ್ಮ ದಾಸೋಹದ ಕಲ್ಪನೆಗೆ ಹತ್ತಿರವಾದುದು. 2020ರ ಕರೋನಾ ಕಾಲದಲ್ಲಿ ಹೋಟೆಲು, ಮದುವೆ ಮನೆಗಳೆಲ್ಲ ಮುಚ್ಚಿ ಹಾಲು ಮಾರಾಟವಾಗದೆ ಉಳಿದಾಗ ಸರ್ಕಾರವೇ ಕೊಂಡು ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿತು. ಗಡಿಯ ಊರುಗಳಲ್ಲಿ ಖಾಸಗಿ ಡೇರಿಯವರೂ ಹಾಲು ಕೊಳ್ಳುತ್ತಾರೆ; ಬೇಸಿಗೆಯಲ್ಲಿ ನಾಲ್ಕಾಣೆ ಹೆಚ್ಚೇ ಕೊಡುತ್ತಾರೆ. “ಮಳೆಗಾಲದಾಗೆ ಅವ್ರ ವ್ಯಾನು ಬರಕಿಲ್ಲ ಸ್ವಾಮಿ” ಎಂದು ಸಾಲಿನಲ್ಲಿದ್ದ ಯುವಕರೊಬ್ಬರು ಹೇಳಿದರು. ಸಹಕಾರ ಸಂಘದ ದೋಷಗಳನ್ನು ಎಣಿಸುವ ಮೊದಲು ಈ ಮಾತನ್ನು ತಕ್ಕಡಿಗೆ ಹಾಕಬೇಕು.

ಇನ್ನು ನಮ್ಮ ಕಡೆಯ ಮಾತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿ, ನೀಲಿ ಪೊಟ್ಟಣದ ಹಾಲು 46 ರೂಪಾಯಿಯಾದಾಗ ಪಟ್ಟಣದ ಮನೆಗಳಲ್ಲಿ ಎದ್ದ ಗದ್ದಲ ನೆನಪಿರಬಹುದು. ಏರಿಕೆ ರೈತರಿಗೇ ಸೇರುವುದೆಂದು ಸಾರಿದ್ದರೂ ಗೊಣಗಾಟ ನಿಲ್ಲಲಿಲ್ಲ. ಆದರೆ ಹಾಲು ಹೆಚ್ಚಾಗಿ ರೈತನ ದರ ಇಳಿದ ತಿಂಗಳುಗಳಲ್ಲಿ ನಮ್ಮ ಬಾಗಿಲಿಗೆ ಬಂದ ಪೊಟ್ಟಣದ ಬೆಲೆ ಇಳಿಯಿತೇ? ಇಳಿಯಲಿಲ್ಲ, ನಾವೂ ಕೇಳಲಿಲ್ಲ. ಏರಿಕೆಯ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಇಳಿಕೆಯ ಸುದ್ದಿ ಡೇರಿಯ ಗೋಡೆಯ ಮೇಲೆ ಉಳಿಯುತ್ತದೆ. ತಿರುಪತಿಯ ಲಡ್ಡುವಿನ ವಿಷಯವನ್ನೇ ನೋಡಿ. ಕಡಿಮೆ ಬೆಲೆಗೆ ಕೊಡಲಾಗದೆ 2023ರಲ್ಲಿ ನಂದಿನಿ ತುಪ್ಪ ಅಲ್ಲಿಂದ ಹೊರಗುಳಿಯಿತು; 2024ರಲ್ಲಿ ಮತ್ತೆ ಅದನ್ನೇ ತರಿಸಿಕೊಳ್ಳಬೇಕಾಯಿತು. ಅಗ್ಗದ ತುಪ್ಪವನ್ನು ಹುಡುಕಿ ಹೋದ ದೇವಸ್ಥಾನ ಎಷ್ಟು ಪೇಚಿಗೆ ಸಿಕ್ಕಿತೆಂಬುದನ್ನು ದೇಶವೇ ನೋಡಿತು.

ದನ ಕಾಯುವುದನ್ನೇ ಕಾಯಕವಾಗಿ ಹಿಡಿದು ಕಲ್ಯಾಣದ ಶರಣರ ಸಾಲಿನಲ್ಲಿ ನಿಂತ ತುರುಗಾಹಿ ರಾಮಣ್ಣನವರನ್ನು ನಾವು ವಚನಕಾರರೆಂದು ಪೂಜಿಸುತ್ತೇವೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಹುಲ್ಲು ಕೊಯ್ದು, ಸಂಜೆ ಮತ್ತೆ ಅದೇ ಕೆಲಸಕ್ಕೆ ಕೂರುವ ಹೆಂಗಸಿನ ದುಡಿಮೆಗೆ ಮಾತ್ರ ಹಾಲಿನ ದರದ ಲೆಕ್ಕದಲ್ಲಿ ಕೂಲಿಯೆಂಬ ಕಲಮೇ ಇಲ್ಲ. ಹಿಂಡಿಗೆ ಬೆಲೆಯಿದೆ, ಔಷಧಕ್ಕೆ ಬೆಲೆಯಿದೆ. ಅವಳ ಹೊತ್ತಿಗೆ ಇಲ್ಲ. ಹಾಗಾಗಿಯೇ ಆ ಮನೆಗಳಲ್ಲಿ ಲಾಭವೆಂಬುದು ಕಾಣುತ್ತಿದೆಯೇನೋ ಎಂದು ನಮಗೆ ಅನಿಸಿತು.

ಹಾಲು ಹಾಕಿ ಮುಗಿಸಿದ ಆ ತಾಯಿ ನಮ್ಮನ್ನು ಮನೆಗೆ ಕರೆದರು. ಹೆಂಚಿನ ಮನೆ, ಪಕ್ಕದಲ್ಲಿ ತಗಡು ಹೊದಿಸಿದ ಕೊಟ್ಟಿಗೆ. ಮೊದಲು ಮೂರು ಹಸುಗಳಿದ್ದವಂತೆ. 2022ರ ಚರ್ಮಗಂಟು ರೋಗದಲ್ಲಿ ಒಂದು ಸತ್ತಿತು. ಇನ್ನೊಂದನ್ನು ಕಳೆದ ವರ್ಷ ಮಾರಿದರು. ಕಾರ್ಖಾನೆಗೆ ಹೋಗುವ ಮಗ ಉಳಿದುದನ್ನೂ ಮಾರಿಬಿಡೆಂದು ಹೇಳುತ್ತಾನೆ. ತಿಂಗಳ ಸಂಬಳ ನಿಶ್ಚಿತ, ಹಾಲಿನದು ಅಲ್ಲ ಎಂಬುದು ಅವನ ವಾದ. ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ತಾಯಿ ಮಾತ್ರ ಹಸುವಿನ ಬೆನ್ನು ಸವರುತ್ತ ಸುಮ್ಮನಿದ್ದರು. ಹಸು ಗಬ್ಬವಾಗಿದೆ. ಯಾವಾಗ ಕರು ಹಾಕುತ್ತದೆಂದು ಕೇಳಿದೆವು.

“ಮುಂಗಾರು ಹೊತ್ತಿಗೆ ಸ್ವಾಮಿ,” ಎಂದರು, “ಎಲ್ಲರ ಮನೇಲೂ ಹಾಲು ಹೆಚ್ಚೋ ಹೊತ್ತಿಗೇ.”