ಗಡ್ಡೆಯಿಲ್ಲದ ಕ್ಯಾನ್ಸರ್: ಕೆಲವು ಟಿಪ್ಪಣಿಗಳು

ಎಂಡೋಸ್ಕೋಪಿ ಚಿತ್ರಗಳಲ್ಲಿ ಗಡ್ಡೆ ಹುಡುಕುತ್ತೇನೆ, ಇಲ್ಲ. ಬಾಣದ ತುದಿಯಲ್ಲಿ ಇರುವುದು ಒಂದು ಕೆಂಪು ತೇಪೆ, ತುಸು ತಗ್ಗಿದೆ. ಜಪಾನಿನವರು 1962ರಲ್ಲಿ ಹಾಕಿಕೊಂಡ ಲೆಕ್ಕದಂತೆ ಲೋಳೆಪೊರೆ, ಅದರಡಿಯ ಪದರ, ಇಷ್ಟನ್ನು ದಾಟದಿದ್ದರೆ ಜಠರದ ಕ್ಯಾನ್ಸರ್ 'ಆರಂಭಿಕ'. ಉಬ್ಬಿದ್ದು, ಚಪ್ಪಟೆ, ತಗ್ಗಿದ್ದು ಎಂದು ವಿಂಗಡಣೆ. ಹೆಚ್ಚು ಸಿಗುವುದು ತಗ್ಗಿನದೇ. ಪೂರ್ತಿ ಚಪ್ಪಟೆಯದ್ದನ್ನು ಮೊದಲು ಯಾರು ಹೇಗೆ ಕಂಡರೋ!

*

ಬಣ್ಣ ನಂಬುವ ಹಾಗಿಲ್ಲ. ಗ್ರಂಥಿಯ ರೂಪ ಉಳಿಸಿಕೊಂಡ ಕ್ಯಾನ್ಸರ್ ಸಾಮಾನ್ಯವಾಗಿ ಕೆಂಪು, ಜೀವಕೋಶಗಳು ಚದುರಿ ಹರಡುವ ಜಾತಿ ಬಿಳಿಚಿಕೊಂಡಿರುತ್ತದೆ. ಗ್ಯಾಸ್ಟ್ರೈಟಿಸ್, ಅಂದರೆ ಜಠರದ ಉರಿಯೂತ, ಇರುವ ಹೊಟ್ಟೆಯಲ್ಲಂತೂ ಕೆಂಪು ಕಲೆಗಳಿಗೆ ಬರವಿಲ್ಲ. ಹಾಗಾದರೆ ನೋಡುವುದು ಏನನ್ನು? ಅಂಚನ್ನು. ಉರಿಯೂತದ ಕೆಂಪು ಸಾಮಾನ್ಯವಾಗಿ ಸುತ್ತಲಿನದರಲ್ಲಿ ಕರಗಿಹೋಗುತ್ತದೆ. ಕ್ಯಾನ್ಸರಿಗೆ ಅಂಕುಡೊಂಕಾದ ಒಂದು ಗಡಿ ಇರುತ್ತದೆ. ಹೊಟ್ಟೆಯ ನೆರಿಗೆಗಳು ಆ ಗಡಿಯವರೆಗೆ ಬಂದು ಸಣ್ಣಗಾಗುತ್ತವೆ, ಇಲ್ಲವೇ ತಟ್ಟನೆ ತುಂಡಾಗುತ್ತವೆ.

*

ಆ ಗಡಿ ಕಾಣಲೆಂದು ಲೋಳೆ, ನೊರೆ ತೊಳೆದು ಇಂಡಿಗೋ ಕಾರ್ಮೈನ್ ಎಂಬ ನೀಲಿ ದ್ರವ ಚಿಮುಕಿಸುತ್ತಾರೆ. ಕ್ಯಾನ್ಸರಿಗೆ ನೀಲಿ ಹತ್ತುತ್ತದೆ ಎಂದುಕೊಂಡರೆ ಹಾಗೇನಿಲ್ಲ, ಅದು ಯಾವ ಜೀವಕೋಶಕ್ಕೂ ಹತ್ತುವುದಿಲ್ಲ. ಮಳೆ ನಿಂತ ಮೇಲೆ ಅಂಗಳದ ತಗ್ಗೆಲ್ಲ ಗೊತ್ತಾಗುವ ಹಾಗೆ, ಸಂದುಗೊಂದುಗಳಲ್ಲಿ ನಿಲ್ಲುತ್ತದೆ, ಅಷ್ಟೇ.

*

ಇನ್ನೊಂದು ಉಪಾಯ ಬೆಳಕಿನದು. 415 ಮತ್ತು 540 ನ್ಯಾನೋಮೀಟರ್ ಸುಮಾರಿನ ನೀಲಿ, ಹಸಿರು ಬೆಳಕನ್ನಷ್ಟೇ ಬಿಡುವುದು. ಹಿಮೋಗ್ಲೋಬಿನ್ ಅದನ್ನು ಹೀರುವುದರಿಂದ ಮೇಲಿನ ರಕ್ತನಾಳಗಳು ಕಂದಾಗಿ ಎದ್ದು ಕಾಣುತ್ತವೆ. ಹಿಗ್ಗಿಸಿದ ಚಿತ್ರದಲ್ಲಿ ಗಡಿಯ ಈಚೆ ಒಪ್ಪವಾದ ಜಾಲರಿ. ಆಚೆ ಒಂದು ನಾಳ ದಪ್ಪ, ಇನ್ನೊಂದು ಸಣ್ಣ, ಮತ್ತೊಂದು ಸುರುಳಿ ಸುತ್ತಿ ಎಲ್ಲಿಗೂ ಹೋಗದೆ ನಿಂತಿದೆ. ಗಡಿ ಇದ್ದು, ಒಳಗೆ ನಾಳಗಳೋ ಮೇಲ್ಮೈಯ ವಿನ್ಯಾಸವೋ ಕೆಟ್ಟಿದ್ದರೆ ಕ್ಯಾನ್ಸರ್ ಎಂದು ಬಗೆಯುವುದು ಜಪಾನಿನ ವೈದ್ಯ ಕೆನ್ಶಿ ಯಾವೋ ಕಟ್ಟಿಕೊಟ್ಟ ಸೂತ್ರ. ನನಗೆ ಇದು ಹಿಡಿಸಿತು. ಆದರೆ ಬಿಳಿಚು ಜಾತಿ ಕೆಲವೊಮ್ಮೆ ಆರೋಗ್ಯವಂತ ಮೇಲ್ಪದರದ ಅಡಿಯಲ್ಲೇ ನುಸುಳಿಕೊಂಡು ಹೋಗುತ್ತದಂತೆ. ಆಗ ಗಡಿ ಎಲ್ಲಿಂದ ತರುವುದು?

*

ಎಲ್ಲಕ್ಕಿಂತ ತಲೆಗೆ ಹತ್ತದ್ದು ಇದು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೊಟ್ಟೆಯ ಬ್ಯಾಕ್ಟೀರಿಯಾವನ್ನು ಮಾತ್ರೆ ಕೊಟ್ಟು ಓಡಿಸಿದರೆ ಕ್ಯಾನ್ಸರಿನ ಅಪಾಯ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಆಮೇಲೆ ಸಿಗುವ ಕ್ಯಾನ್ಸರ್ ಕಣ್ಣಿಗೆ ಬೀಳುವುದು ಮಾತ್ರ ಇನ್ನೂ ಕಷ್ಟ. ಕ್ಯಾನ್ಸರಲ್ಲದ ಜೀವಕೋಶಗಳು ಅದರ ಮೇಲೆ ಹಬ್ಬಿ ಗ್ಯಾಸ್ಟ್ರೈಟಿಸಿನ ವೇಷ ತೊಡಿಸುತ್ತವೆ. ಸಾಲದ್ದಕ್ಕೆ ಸುತ್ತಮುತ್ತ ಭೂಪಟದಂಥ ಕೆಂಪು ತೇಪೆಗಳು ಹೊಸದಾಗಿ ಮೂಡಬಹುದು, ಅವು ಕ್ಯಾನ್ಸರ್ ಅಲ್ಲ. ರೋಗಿಗೆ ಹೊಟ್ಟೆಯುರಿ ಹೋಗಿ ಹಾಯೆನಿಸಿರುತ್ತದೆ. ಅವನನ್ನೇ ಮತ್ತೆ ಎಂಡೋಸ್ಕೋಪಿಗೆ ಬಾ ಎನ್ನಬೇಕು. ಬರುತ್ತಾನೆಯೇ?