ಅಕ್ಕಲಕೋಟೆ ಸೀಮೆಯಲ್ಲೊಂದು ನಿರೋಪ ಸಮಾರಂಭ

ಪುಣೆ, ಮುಂಬಯಿಯ ಕನ್ನಡಿಗರಿಗೆ ಅಕ್ಕಲಕೋಟೆ ಎಂದರೆ ಸ್ವಾಮಿ ಸಮರ್ಥರ ಊರು. ವಟವೃಕ್ಷದ ಗುಡಿಯಲ್ಲಿ ದರ್ಶನ, ಅನ್ನಛತ್ರದಲ್ಲಿ ಊಟ, ಅಲ್ಲಿಂದ ತುಳಜಾಪುರಕ್ಕೋ ಗಾಣಗಾಪುರಕ್ಕೋ ಪ್ರಯಾಣ. ಇದು ಎಲ್ಲರ ರೂಢಿಯ ದಾರಿ. ಗುಡಿಯ ಸುತ್ತಮುತ್ತ ಕನ್ನಡ ಕಿವಿಗೆ ಬೀಳುತ್ತಲೇ ಇರುತ್ತದೆ. ಅದು ಕಲಬುರಗಿ, ವಿಜಯಪುರದಿಂದ ಬಂದ ಭಕ್ತರದ್ದು ಮಾತ್ರವಲ್ಲ, ಆ ತಾಲೂಕಿನ ಹಳ್ಳಿಗಳದ್ದೂ ಹೌದು. ಅಂಥದ್ದೊಂದು ಹಳ್ಳಿಗೆ ಈ ವರ್ಷ ಫೆಬ್ರವರಿಯ ಮೊದಲ ವಾರದಲ್ಲಿ ಹೋಗಿದ್ದೆ. ಅಲ್ಲಿನ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯವರ ಬೀಳ್ಕೊಡುಗೆ ಇತ್ತು. ಮರಾಠಿಯಲ್ಲಿ 'ನಿರೋಪ ಸಮಾರಂಭ', ಅಲ್ಲಿನ ಕನ್ನಡದಲ್ಲೂ ಅದೇ ಮಾತು. ಮಕ್ಕಳ ವಿಷಯ ಬರೆಯುತ್ತಿರುವುದರಿಂದ ಊರಿನ ಹೆಸರಾಗಲಿ ಅವರ ಹೆಸರಾಗಲಿ ಇಲ್ಲಿ ಬೇಡ.

ಕರೆದವನು ಹಿಂಜವಡಿಯಲ್ಲಿ ನನ್ನ ಪಕ್ಕದ ಟೀಮಿನಲ್ಲಿರುವ ಗೆಳೆಯ, ಅದೇ ಶಾಲೆಯ ಹಳೆಯ ವಿದ್ಯಾರ್ಥಿ. "ನೀವು ದಾವಣಗೆರೆಯವ್ರು. ನಮ್ಮ ಕಡೆ ಕನ್ನಡ ಹ್ಯಾಂಗ್ ಅದ ಒಮ್ಮೆ ನೋಡ್ ಬರ್ರಿ" ಎಂದ. ಶುಕ್ರವಾರ ಸಂಜೆ ಪುಣೆಯಿಂದ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದು, ರಾತ್ರಿ ಹತ್ತರ ಸುಮಾರಿಗೆ ಸೊಲ್ಲಾಪುರದಲ್ಲಿ ಇಳಿದೆವು. ಇದು ಸಿದ್ಧರಾಮೇಶ್ವರರ ಸೊನ್ನಲಿಗೆ. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದ ಊರು. ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆ ಇಲ್ಲಿಯವರೇ. ಅವರು ಅಧ್ಯಕ್ಷತೆ ವಹಿಸಿದ್ದು 1974ರ ಮಂಡ್ಯ ಸಮ್ಮೇಳನದಲ್ಲಿ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಷ್ಟರಲ್ಲಿ ಮರಾಠಿ, ಕನ್ನಡ, ತೆಲುಗು ಮೂರೂ ಕೇಳಿದವು.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ನಲವತ್ತು ಕಿಲೋಮೀಟರ್ ಆಸುಪಾಸು. ಎಸ್‌ಟಿ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಲ್ಲಿಂದ ಗೆಳೆಯನ ತಮ್ಮನ ಬೈಕು. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆ ತುಂಬಿ ನಿಂತಿತ್ತು. ಕೆಲವು ಹೊಲಗಳಲ್ಲಿ ತೊಗರಿ ಕಟಾವು ಮುಗಿದು ಬರೀ ಕೂಳೆ ಉಳಿದಿತ್ತು. ಅಂಗಡಿಯ ಬೋರ್ಡುಗಳೆಲ್ಲ ಮರಾಠಿಯಲ್ಲಿ, ಒಳಗೆ ವ್ಯಾಪಾರ ಕನ್ನಡದಲ್ಲಿ. ಹೊಲದ ಉತಾರೆ ಮರಾಠಿಯಲ್ಲಿ, ಹೊಲದ ಬದುವಿನ ಜಗಳ ಕನ್ನಡದಲ್ಲಿ ಎಂದು ಗೆಳೆಯ ನಗಾಡಿದ.

ಇತಿಹಾಸವನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಭೋಸಲೆ ಮನೆತನದ ಅಕ್ಕಲಕೋಟೆ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಬಂತು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಅಕ್ಕಲಕೋಟೆಯನ್ನೂ ಜತ್ತ, ದಕ್ಷಿಣ ಸೊಲ್ಲಾಪುರಗಳ ಹಲವು ಹಳ್ಳಿಗಳನ್ನೂ ಕರ್ನಾಟಕಕ್ಕೆ ಕೊಡಬೇಕೆಂದು ಮರುವರ್ಷ ವರದಿ ಕೊಟ್ಟಿತು. ವರದಿ ಹಾಗೇ ಉಳಿಯಿತು. ಹಳ್ಳಿಗಳಲ್ಲಿ ಕನ್ನಡ ಶಾಲೆಗಳೂ ಉಳಿದವು. ಅವುಗಳಿಗೆ ಬೇಕಾದ ಕನ್ನಡ ಪಠ್ಯಪುಸ್ತಕಗಳನ್ನು ತರುವುದು ಮಹಾರಾಷ್ಟ್ರ ಸರ್ಕಾರದ ಬಾಲಭಾರತಿ. ಪುಣೆಯವರು ಸೇನಾಪತಿ ಬಾಪಟ್ ರಸ್ತೆಯಲ್ಲಿ ಓಡಾಡುವಾಗ ಅದರ ಕಟ್ಟಡವನ್ನು ನೋಡಿಯೇ ಇರುತ್ತೀರಿ. ಗಣಿತ, ವಿಜ್ಞಾನ, ಇತಿಹಾಸ, ಭೂಗೋಲ ಎಲ್ಲವೂ ಕನ್ನಡದಲ್ಲಿ ಸಿಗುತ್ತವೆ. ಹತ್ತನೆಯ ಎಸ್‌ಎಸ್‌ಸಿ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಕನ್ನಡದಲ್ಲಿ ಬರುತ್ತದೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಸರಸ್ವತಿ ಮತ್ತು ಸಾವಿತ್ರಿಬಾಯಿ ಫುಲೆಯವರ ಫೋಟೊಗಳಿಗೆ ಚೆಂಡುಹೂವಿನ ಹಾರ. ಓಡಾಟವೆಲ್ಲ ಒಂಬತ್ತನೆಯವರದ್ದು. ಮೊದಲು ಮಹಾರಾಷ್ಟ್ರದ ರಾಜ್ಯಗೀತೆ, ಆಮೇಲೆ ಸಂಗೀತದ ಸರ್ ಬರೆದ ಕನ್ನಡ ಸ್ವಾಗತಗೀತೆ. ಎರಡನ್ನೂ ಅದೇ ಹುಡುಗಿಯರು, ಅಷ್ಟೇ ಗಟ್ಟಿಯಾಗಿ ಹಾಡಿದರು. ಹತ್ತನೆಯ ತರಗತಿಯಲ್ಲಿ 31 ಮಕ್ಕಳು. ಎಲ್ಲರೂ ಹಣ ಕೂಡಿಸಿ ಶಾಲೆಗೊಂದು ನೀರಿನ ಫಿಲ್ಟರ್ ಕೊಟ್ಟರು. ಭಾಷಣಗಳು ಬೇಗ ಮುಗಿದವು. ಮುಖ್ಯಾಧ್ಯಾಪಕರು, "ಇವತ್ತು ನಾವು ಕೇಳೋರು, ನೀವು ಹೇಳೋರು" ಎಂದು ಮೈಕನ್ನು ಮಕ್ಕಳ ಕೈಗೆ ಕೊಟ್ಟರು.

ಈ ಮಕ್ಕಳು 2020ರಲ್ಲಿ ಐದನೆಯ ತರಗತಿಗೆ ಬಂದವರು. ಹಾಗಾಗಿ ನೆನಪುಗಳು ಶುರುವಾದದ್ದು ಮುಚ್ಚಿದ ಬಾಗಿಲಿನಿಂದ. "ಐದನೇತ್ಯಾಗ ನಾವು ಸಾಳಿ ನೋಡೇ ಇಲ್ರಿ. ಮನ್ಯಾಗ ಒಂದ ಮೊಬೈಲ್ ಇತ್ತು, ಅದನ್ನೂ ಅಪ್ಪ ಹೊಲಕ್ಕ ಒಯ್ತಿದ್ದ" ಎಂದ ಒಬ್ಬ ಹುಡುಗ. ಆಗ ಗಣಿತದ ಬಾಯಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಐದೈದು ಮಕ್ಕಳನ್ನು ದೂರ ದೂರ ಕೂರಿಸಿ ಭಿನ್ನರಾಶಿ ಕಲಿಸಿದರಂತೆ. ಇಲ್ಲಿ ಶಿಕ್ಷಕಿಯರನ್ನು ಮರಾಠಿಯವರಂತೆ 'ಬಾಯಿ' ಎಂದೇ ಕರೆಯುತ್ತಾರೆ. ಒಂದು ಭಕ್ಕರಿಯನ್ನು ನಾಲ್ಕು ಪಾಲು ಮಾಡಿ, ಮೂರು ಪಾಲು ಯಾರಿಗೆ ಎಂದು ಬಾಯಿ ಕೇಳಿದ್ದು, ಹಸಿದಿದ್ದ ಇವನು ನನಗೇ ಅಂದದ್ದು. ಶಾಮಿಯಾನದ ತುಂಬ ನಗು.

ವಿಜಯಪುರದ ಪ್ರವಾಸದ ಕಥೆ ಹೇಳಿದವಳು ದೊಡ್ಡ ದನಿಯ ಹುಡುಗಿ. ಗೋಳಗುಮ್ಮಟದ ಮೇಲಿನ ಸುತ್ತುಹಾದಿಯಲ್ಲಿ ನಿಂತು ಇವರೆಲ್ಲ ಸೇರಿ ವಿಜ್ಞಾನದ ಸರ್‌ಗೆ ಇಟ್ಟಿದ್ದ ಅಡ್ಡಹೆಸರನ್ನು ಗೋಡೆಯ ಹತ್ತಿರ ಪಿಸುಗುಟ್ಟಿದ್ದಾರೆ. ಆಚೆ ದಂಡೆಯಲ್ಲಿ ಗೋಡೆಗೆ ಕಿವಿಕೊಟ್ಟು ನಿಂತವರು ಅದೇ ಸರ್! ಬಸ್ಸಿನಲ್ಲಿ ಏನೂ ಬೈಯದೆ, ಮರುದಿನ ಧ್ವನಿಯ ಪ್ರತಿಫಲನದ ಪಾಠ ಮಾಡುವಾಗ ಅದೇ ಅಡ್ಡಹೆಸರನ್ನು ಉದಾಹರಣೆಗೆ ಬಳಸಿದರಂತೆ. ಸರ್ ವೇದಿಕೆಯ ಮೇಲೆ ತಲೆ ತಗ್ಗಿಸಿ ನಗುತ್ತಿದ್ದರು.

ಆಮೇಲೆ 'ಮುಂದೇನು' ಎನ್ನುವ ಸುತ್ತು. ಅಲ್ಲಿಂದ ಮಾತಿನ ಬಣ್ಣ ಬದಲಾಯಿತು. ನೆನಪುಗಳೆಲ್ಲ ಅಚ್ಚ ಕನ್ನಡದಲ್ಲಿದ್ದವು. ಕನಸುಗಳ ಹೆಸರುಗಳೆಲ್ಲ ಬೇರೆ ಭಾಷೆಯವು. ಅಕರಾವಿ ಸಾಯನ್ಸ್, ಪೊಲೀಸ್ ಭರ್ತಿ, ಐಟಿಐ, ನರ್ಸಿಂಗ್, ಡಿಪ್ಲೊಮಾ. ಕಾರಣ ಸರಳ. ಈ ಭಾಗದಲ್ಲಿ ಹತ್ತರವರೆಗೆ ಕನ್ನಡ. ಹನ್ನೊಂದರಿಂದ ಹೆಚ್ಚಿನವರಿಗೆ ಸಾಯನ್ಸ್ ಆದರೆ ಇಂಗ್ಲಿಷ್, ಉಳಿದದ್ದಕ್ಕೆ ಮರಾಠಿ. ಈ ಮಕ್ಕಳಿಗೆ ಹತ್ತನೆಯದು ಮುಗಿಯುವುದೆಂದರೆ ಶಾಲೆಯ ಜೊತೆಗೆ ಓದುವ ಭಾಷೆಯನ್ನೂ ಬಿಟ್ಟು ಹೋಗುವುದು.

ಪೊಲೀಸ್ ಭರ್ತಿಗೆ ಹೋಗುತ್ತೇನೆ ಎಂದವನು ಈಗಲೇ ದಿನಾ ನಸುಕಿನಲ್ಲಿ 1600 ಮೀಟರ್ ಓಡುತ್ತಾನೆ. ಗಂಡುಮಕ್ಕಳ ದೈಹಿಕ ಪರೀಕ್ಷೆಯಲ್ಲಿ ಓಡಬೇಕಾದ ದೂರ ಅಷ್ಟೇ. ಇನ್ನೊಬ್ಬನಿಗೆ ಐಟಿಐ ಮುಗಿಸಿ ಪುಣೆಯ ಚಾಕಣದಲ್ಲಿ ಕೆಲಸಕ್ಕೆ ಸೇರುವಾಸೆ, ಅವನ ಅಣ್ಣ ಅಲ್ಲೇ ಇದ್ದಾನೆ. ನರ್ಸಿಂಗ್ ಎಂದ ಮೂವರು ಹುಡುಗಿಯರು ಒಂದೇ ಬೆಂಚಿನವರು, ಒಂದೇ ಕಾಲೇಜಿಗೆ ಹೋಗಬೇಕೆನ್ನುವುದೇ ಅವರ ದೊಡ್ಡ ಷರತ್ತು. ಒಬ್ಬ ಮಾತ್ರ "ನಾ ಎಲ್ಲೂ ಹೋಗಂಗಿಲ್ಲ, ಒಕ್ಕಲುತನ ಮಾಡ್ತೀನಿ" ಎಂದು ಕೂತುಬಿಟ್ಟ. ಅವನಿಗೆ ಬಿದ್ದ ಚಪ್ಪಾಳೆ ಯಾರಿಗೂ ಬೀಳಲಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದದ್ದು ತರಗತಿಗೇ ಮೊದಲಿಗಳಾದ ಹುಡುಗಿಯ ಮಾತು. "ಮಾರ್ಕ್ಸ್ ಬಂದ್ರ ಸಾಯನ್ಸ್ ತಗೋತೀನ್ರಿ. ಬಸ್ ಬಂದ್ರ ಕಾಲೇಜಿಗೆ ಹೋಗ್ತೀನ್ರಿ." ಎಲ್ಲರೂ ನಕ್ಕರು, ಅವಳು ನಗಲಿಲ್ಲ. ಸಾಯನ್ಸ್ ಇರುವ ಜ್ಯೂನಿಯರ್ ಕಾಲೇಜು ಅವಳ ಊರಿಂದ 16 ಕಿಲೋಮೀಟರ್. ಹಳ್ಳಿಯ ಹುಡುಗಿಯರಿಗೆ ಹನ್ನೆರಡನೆಯವರೆಗೆ ಎಸ್‌ಟಿ ಪ್ರಯಾಣ ಉಚಿತ, ಹಾಗಾಗಿ ದುಡ್ಡಿನ ಚಿಂತೆಯಿಲ್ಲ. ಆದರೆ ಊರಿಗೆ ಕೊನೆಯ ಬಸ್ಸು ಸಂಜೆ ನಾಲ್ಕೂವರೆಗೆ, ಪ್ರಾಕ್ಟಿಕಲ್ ಮುಗಿಯುವುದು ಐದಕ್ಕೆ. ಬಸ್ಸಿನ ಸಮಯ ಒಂದು ಗಂಟೆ ಮುಂದೆ ಹೋಗದಿದ್ದರೆ ಆರ್ಟ್ಸ್ ತಗೋ ಎಂದು ಅವಳ ತಂದೆ ಹೇಳಿದ್ದಾರೆ. ಅವರೂ ಅಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದರು. ಊಟದ ಹೊತ್ತಿನಲ್ಲಿ ಮಾತಾಡಿಸಿದೆ. "ಕಲಿಸಬಾರದಂತ ಇಲ್ರಿ ಸಾಹೇಬ್ರ. ಕತ್ತಲಾದ ಮ್ಯಾಲ ಫಾಟ್ಯಾದಾಗ ಮಗಳು ಒಬ್ಬಾಕಿ ನಿಂತಿರ್ತಾಳ, ಅದಕ್ಕ ಅಂಜಿಕಿ" ಎಂದರು. ಫಾಟಾ ಎಂದರೆ ಹೆದ್ದಾರಿಯಿಂದ ಊರಿಗೆ ದಾರಿ ಒಡೆಯುವ ಜಾಗ. ನಾವು ಅದರ ಮೂಲಕವೇ ಬಂದಿದ್ದೆವು. ಒಂದು ಬೇವಿನ ಮರ, ಹಗಲು ಮಾತ್ರ ತೆರೆಯುವ ಒಂದು ಚಹಾ ಅಂಗಡಿ. ಅವರಿಗೆ ವಾದಿಸಿ ಹೇಳುವಂಥದ್ದು ನನ್ನಲ್ಲಿ ಏನೂ ಇರಲಿಲ್ಲ.

ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಶಿರಾ. ಬಡಿಸುತ್ತಿದ್ದ ಮಕ್ಕಳು ನಮ್ಮಿಬ್ಬರನ್ನು ಸುತ್ತುವರಿದರು. "ಸರ, ನೀವು ಪುಣ್ಯಾದಾಗ ಆಫೀಸಿನಾಗ ಕನ್ನಡ ಮಾತಾಡ್ತೀರೇನ್ರಿ?" ಊಟದ ಟೇಬಲ್ಲಿನಲ್ಲಿ ಮಾತ್ರ ಎಂದೆ. "ಹಂಗಾದ್ರ ಹತ್ತು ವರ್ಷ ನಾವು ಕಲ್ತ ಕನ್ನಡ ಎಲ್ಲಿ ಉಪಯೋಗಕ್ಕ ಬರ್ತದ್ರಿ?"

ಉತ್ತರ ಕೊಟ್ಟವನು ನನ್ನ ಗೆಳೆಯ. ಬ್ಯಾಗಿನಿಂದ ಇನ್ನೂರು ಪುಟದ ಹಳೆಯ ನೋಟ್‌ಬುಕ್ ತೆಗೆದ. ಹನ್ನೊಂದನೆಯಲ್ಲಿ ಅವನು ಬರೆದುಕೊಂಡದ್ದು. ಎಡಕ್ಕೆ ಇಂಗ್ಲಿಷ್ ಪದ, ನಡುವೆ ಮರಾಠಿ, ಬಲಕ್ಕೆ ಕನ್ನಡ. ಫೋಟೊಸಿಂಥೆಸಿಸ್, ಪ್ರಕಾಶಸಂಶ್ಲೇಷಣ, ದ್ಯುತಿಸಂಶ್ಲೇಷಣೆ. ಆಕ್ಸಿಲರೇಶನ್, ತ್ವರಣ, ವೇಗೋತ್ಕರ್ಷ. "ವಿಷಯ ನನಗ ಗೊತ್ತಿತ್ತು, ಅದರ ಹೊಸ ಹೆಸರು ಅಷ್ಟ ಗೊತ್ತಿರಲಿಲ್ಲ. ಆರು ತಿಂಗಳು ಭಾಳ ತ್ರಾಸ ಆತು. ದೀಪಾವಳಿ ಆದ ಮ್ಯಾಲ ಈ ವಹಿ ತೆರೆಯೋದ ಬಿಟ್ಟೆ" ಎಂದ. ವಿಜ್ಞಾನದ ಸರ್ ಅದನ್ನು ಅಲ್ಲೇ ಇಸಿದುಕೊಂಡರು. 31 ಪ್ರತಿ ಜೆರಾಕ್ಸ್ ಆಗಲಿದೆ.

ಅವನು ಇನ್ನೊಂದು ಮಾತು ಹೇಳಿದ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರು ಎನ್ನುವ ವರ್ಗವಿದೆ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲೂಕುಗಳ ಕನ್ನಡ ಮಕ್ಕಳು ಈ ವರ್ಗದಡಿ ಕರ್ನಾಟಕದ ಎಂಜಿನಿಯರಿಂಗ್ ಮೊದಲಾದ ಸೀಟುಗಳಿಗೆ ಅರ್ಜಿ ಹಾಕಬಹುದು. ಕಾಸರಗೋಡು ಕಡೆಯವರಿಗೂ ಹೀಗೇ ಇದೆ. ಸಿಇಟಿಯ ಜೊತೆಗೆ ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆಯಬೇಕು. ಎಲ್ಲಿ ವಾಸ, ಎಲ್ಲಿ ಓದಿದ್ದು ಎನ್ನುವುದಕ್ಕೆ ದಾಖಲೆ ಬೇಕು. ಹಾಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಪಿಡಿಯನ್ನು ಹನ್ನೆರಡನೆಯದು ಮುಗಿದ ಮೇಲೆ ಓದಿದರೆ ತಡವಾದೀತು, ಹನ್ನೊಂದನೆಯ ಕಾಲೇಜು ಆರಿಸುವಾಗಲೇ ಓದಬೇಕು. 31 ಮಕ್ಕಳಲ್ಲಿ ಇದನ್ನು ಮೊದಲೇ ಕೇಳಿದ್ದವರು ಇಬ್ಬರು. ಹತ್ತು ವರ್ಷ ಕಲಿತ ಕನ್ನಡಕ್ಕೆ ಅಂಕ ಕೊಡುವ ಪರೀಕ್ಷೆಯೊಂದಿದೆ ಎಂದು ಕೇಳಿ ಬಸ್ಸಿನ ಹುಡುಗಿ ಕೈಮೇಲೆ ಪೆನ್ನಿನಿಂದ 'ಕೆಇಎ' ಎಂದು ಬರೆದುಕೊಂಡಳು.

ಹೊರಡುವಾಗ ಮುಖ್ಯಾಧ್ಯಾಪಕರು ಹಾಜರಿ ಪುಸ್ತಕ ತೋರಿಸಿದರು. ಹತ್ತರಲ್ಲಿ 31, ಒಂಬತ್ತರಲ್ಲಿ 26, ಎಂಟರಲ್ಲಿ 19. ಬೆಳಿಗ್ಗೆ ಊರಿಗೆ ಇಂಗ್ಲಿಷ್ ಮೀಡಿಯಂ ಶಾಲೆಯ ಎರಡು ಹಳದಿ ವ್ಯಾನು ಬರುತ್ತವೆ. ಅವರು ಯಾರನ್ನೂ ದೂರಲಿಲ್ಲ. "ಇಲ್ಲಿಂದ ಹೋದವ ಮುಂದ ಬಂದಾನ ಅಂತ ಜನಕ್ಕ ಕಾಣಬೇಕು. ಹಂಗ ಕಂಡ್ರ ಮಕ್ಕಳನ್ನ ಕಳಿಸ್ತಾರ" ಎಂದರು.

ಮೆಟ್ರೊಗಳಲ್ಲಿರುವ ನಾವು ನವೆಂಬರ್ ಬಂದರೆ ಕನ್ನಡಕ್ಕಾಗಿ ಒಂದು ಸಂಜೆ ಕೊಡುತ್ತೇವೆ. ಈ ಶಾಲೆಗಳಿಗೆ ಬೇಕಾದದ್ದು ಏಪ್ರಿಲ್‌ನಿಂದ ಜೂನ್‌ವರೆಗಿನ ನಮ್ಮ ಕೆಲವು ಭಾನುವಾರಗಳು. ಮಹಾರಾಷ್ಟ್ರದಲ್ಲಿ 2025ರಿಂದ ಹನ್ನೊಂದನೆಯ ಪ್ರವೇಶ ಇಡೀ ರಾಜ್ಯಕ್ಕೆ ಆನ್‌ಲೈನ್ ಆಗಿದೆ. ಅರ್ಜಿ ತುಂಬುವಾಗ ಫೋನಿನಲ್ಲಿ ಜೊತೆಗೊಬ್ಬರು ಇದ್ದರೆ ಸಾಕು. ಗೆಳೆಯನ ನೋಟ್‌ಬುಕ್ಕನ್ನು ನಾವಿಬ್ಬರು ಈಗ ಟೈಪ್ ಮಾಡುತ್ತಿದ್ದೇವೆ. ಭೌತಶಾಸ್ತ್ರ, ಗಣಿತ ಮುಗಿದಿದೆ. ರಸಾಯನಶಾಸ್ತ್ರ, ಜೀವಶಾಸ್ತ್ರ ಬಲ್ಲವರು ಕೈಜೋಡಿಸಿದರೆ ಜೂನ್ ಹೊತ್ತಿಗೆ ಜತ್ತ, ದಕ್ಷಿಣ ಸೊಲ್ಲಾಪುರದ ಶಾಲೆಗಳಿಗೂ ಕಳಿಸಬಹುದು.

ಬಸ್ಸಿನ ಸಮಯ ಬದಲಿಸಲು ಶಾಲೆಯವರು, ಊರಿನವರು ಸೇರಿ ಅರ್ಜಿ ಕೊಟ್ಟಿದ್ದಾರೆ. ಅರ್ಜಿಯಲ್ಲಿ ಮೊದಲ ಸಹಿ ಆ ಹುಡುಗಿಯ ತಂದೆಯದು. ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಬಂದರೆ ಇಲ್ಲೇ ತಿಳಿಸುತ್ತೇನೆ.